ಹೂದೋಟದ ನಂಜು ರೋಗ: ಗುರುತು ಹಿಡಿಯುವುದು ಹೇಗೆ?

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ರೈತರು ಹಾಗೂ ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರದವನು. ಜೋಳ, ತೊಗರಿ, ಕಡಲೆ, ಸೂರ್ಯಕಾಂತಿಗಳ ಬಗ್ಗೆ ಮಾತನಾಡುವುದು ನನ್ನ ಉದ್ಯೋಗ. ಅಂಥವನು ಇಂದು ದಾಸವಾಳ, ಗುಲಾಬಿ, ಚೆಂಡು ಹೂವಿನ ವಿಷಯ ತೆಗೆದರೆ ನಿಮಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣವಿದೆ. ಇಂದು ಬೆಳಿಗ್ಗೆ ಶಿಬಿರ ಆರಂಭವಾಗುವ ಮುನ್ನ ಸಿಂದಗಿ ಕಡೆಯ ಒಬ್ಬ ತಾಯಿ ಬೇರು ಸಮೇತ ಕಿತ್ತ ಒಂದು ಚೆಂಡು ಹೂವಿನ ಗಿಡವನ್ನು ನನ್ನ ಮುಂದಿಟ್ಟು ಕೇಳಿದರು: "ಸರ, ಇದಕ್ಕ ಯಾವ ಎಣ್ಣಿ ಹೊಡೀಬೇಕ್ರಿ? ಮೂರು ಸಲ ಹೊಡದೇವಿ, ಕಡಿಮಿ ಆಗವಲ್ದು."

ಗಿಡದ ತುದಿ ಒಂದು ಕಡೆಗೆ ಸೊಟ್ಟಾಗಿತ್ತು. ಎಲೆಗಳ ಮೇಲೆ ಕಂದು ಕಲೆಗಳಿದ್ದವು. ಮೊಗ್ಗುಗಳು ಅರಳದೆ ಮುರುಟಿದ್ದವು. ಮೂರು ಸಿಂಪರಣೆಗೆ ಅವರು ಮಾಡಿದ ಖರ್ಚು ಗಿಡಗಳ ಬೆಲೆಗಿಂತ ಹೆಚ್ಚಾಗಿತ್ತು. ಯಾವ ಔಷಧ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇದು ಏನು? ಇದು ನಂಜು ರೋಗವಾಗಿದ್ದರೆ ಯಾವ ಔಷಧದಿಂದಲೂ ಆ ಗಿಡ ವಾಸಿಯಾಗುವುದಿಲ್ಲ. ನಂಜು ರೋಗ ಅಲ್ಲದಿದ್ದರೆ ಒಳ್ಳೆಯ ಗಿಡವನ್ನು ಕಿತ್ತು ಎಸೆದ ಹಾಗಾಗುತ್ತದೆ. ಈ ಎರಡನೆಯ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ನಂಜು ಎಂದರೇನು?

ನಂಜಾಣು ಅಥವಾ ವೈರಸ್ ಬಹಳ ಸೂಕ್ಷ್ಮವಾದುದು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೂ ಅದು ಕಾಣುವುದಿಲ್ಲ. ರಷ್ಯಾದ ಇವನೊವ್ಸ್ಕಿ ಎಂಬ ವಿಜ್ಞಾನಿ 1892ರಲ್ಲಿ ರೋಗ ತಗುಲಿದ ತಂಬಾಕಿನ ರಸವನ್ನು, ಬ್ಯಾಕ್ಟೀರಿಯಾ ಕೂಡ ದಾಟಲಾರದ ಶೋಧಕದಲ್ಲಿ ಸೋಸಿದರು. ಸೋಸಿದ ರಸವೂ ಒಳ್ಳೆಯ ಗಿಡಕ್ಕೆ ರೋಗ ತಂದಿತು. 1898ರಲ್ಲಿ ಹಾಲೆಂಡಿನ ಬೈಯರಿಂಕ್ ಇದು ಹೊಸ ಬಗೆಯ ರೋಗಕಾರಕವೆಂದು ತೋರಿಸಿಕೊಟ್ಟರು. ನಂಜಾಣು ಗಿಡದ ಜೀವಕೋಶದ ಒಳಗೆ ಸೇರಿ ಆ ಕೋಶವನ್ನೇ ತನ್ನ ಕೆಲಸಕ್ಕೆ ಹಚ್ಚಿಕೊಂಡು ಬೆಳೆಯುತ್ತದೆ. ಆದುದರಿಂದಲೇ ಶಿಲೀಂಧ್ರನಾಶಕಕ್ಕಾಗಲಿ ಕೀಟನಾಶಕಕ್ಕಾಗಲಿ ಅದು ಸಿಕ್ಕುವುದಿಲ್ಲ. ಗಿಡದಿಂದ ಗಿಡಕ್ಕೆ ಹೋಗಲು ಅದಕ್ಕೆ ಒಂದು ವಾಹನ ಬೇಕು. ಹೇನು, ಬಿಳಿನೊಣ, ಥ್ರಿಪ್ಸ್, ನುಸಿ, ಪರಾಗ, ಬೀಜ, ಗಡ್ಡೆ, ನೆಡುವ ಕಡ್ಡಿ, ಕಸಿಯ ಚಾಕು, ಕೊನೆಗೆ ನಮ್ಮ ಕೈ ಕೂಡ ಆ ವಾಹನವಾಗಬಹುದು.

ನಂಜಿನಿಂದ ಚೆಲುವು ಬಂದ ಉದಾಹರಣೆಯೂ ಉಂಟು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನಲ್ಲಿ ಬಣ್ಣದ ಗೀರುಗಳಿದ್ದ ಟ್ಯುಲಿಪ್ ಹೂವಿನ ಗಡ್ಡೆಗಳಿಗೆ ಮನೆಯ ಬೆಲೆ ಬಂದಿತ್ತು. ಆ ಗೀರುಗಳಿಗೆ ನಂಜು ಕಾರಣವೆಂದು 1928ರಲ್ಲಿ ಇಂಗ್ಲೆಂಡಿನ ಡೊರೊಥಿ ಕೇಯ್ಲಿ ಎಂಬ ವಿಜ್ಞಾನಿ ತೋರಿಸಿದರು. ಅಂಥ ಗಡ್ಡೆಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿದ್ದವು. ಆದ್ದರಿಂದ ಎಲೆ, ಹೂಗಳಲ್ಲಿ ಹಠಾತ್ತನೆ ಹೊಸ ಚಿತ್ತಾರ ಮೂಡಿದರೆ ಹಿಗ್ಗುವ ಮೊದಲು ಸ್ವಲ್ಪ ಅನುಮಾನಿಸುವುದು ಒಳ್ಳೆಯದು.

ಹೂದೋಟಕ್ಕೂ ಹೊಲಕ್ಕೂ ಏನು ಸಂಬಂಧ?

ಕಾಲುವೆ ನೀರು ಬಂದ ಮೇಲೆ ನಮ್ಮ ಭಾಗದ ಚಹರೆ ಬದಲಾಗಿದೆ. ಆಲಮಟ್ಟಿಯ ಉದ್ಯಾನಗಳನ್ನು ನೋಡಿ ಬಂದವರಿಗೆ ತಮ್ಮ ಮನೆಯ ಮುಂದೆಯೂ ನಾಲ್ಕು ಹೂವಿನ ಗಿಡಗಳಿರಲಿ ಎನಿಸುವುದು ಸಹಜ. ಹಬ್ಬದ ಪೇಟೆಗೆಂದು ಚೆಂಡು ಹೂ, ಸೇವಂತಿಗೆ ಬೆಳೆಯುವವರೂ ಇದ್ದಾರೆ. ಹೊಲದ ಮನೆಗಳಲ್ಲಿ ಹೂದೋಟ ಮತ್ತು ಬೆಳೆಯ ನಡುವೆ ಒಂದು ಬದು ಮಾತ್ರ ಇರುತ್ತದೆ. ಹೇನು, ಥ್ರಿಪ್ಸ್‌ಗಳಿಗೆ ಆ ಬದು ಲೆಕ್ಕಕ್ಕಿಲ್ಲ.

ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಸಂಗತಿ ಹೇಳುತ್ತೇನೆ. 1997ರಲ್ಲಿ ಅಂದಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಸೂರ್ಯಕಾಂತಿಗೆ ಹೊಸ ರೋಗವೊಂದು ಕಾಣಿಸಿತು. ಎಲೆಯ ಒಂದು ಭಾಗ ಕಂದಾಗಿ ಒಣಗುವುದು, ಎಲೆ ತಿರುಚುವುದು, ಕಾಂಡದ ಮೇಲೆ ಕಪ್ಪು ಗೀರು, ತೆನೆ ಸೊಟ್ಟಾಗಿ ಕಾಳು ಕಟ್ಟದಿರುವುದು ಅದರ ಲಕ್ಷಣಗಳು. ಎಳೆಯದರಲ್ಲಿ ತಗುಲಿದರೆ ಗಿಡವೇ ಸಾಯುತ್ತಿತ್ತು. ಮುಂದಿನ ವರ್ಷಗಳಲ್ಲಿ ಅದು ಸೂರ್ಯಕಾಂತಿ ಬೆಳೆಯುವ ಇತರ ಪ್ರದೇಶಗಳಿಗೂ ಹಬ್ಬಿತು. 2000ದಲ್ಲಿ ನೆರೆಯ ಅನಂತಪುರ ಜಿಲ್ಲೆಯಲ್ಲಿ ಶೇಂಗಾ ಬೆಳೆ ಸುಮಾರು 2.25 ಲಕ್ಷ ಹೆಕ್ಟೇರಿನಲ್ಲಿ ಕಾಂಡ ಕೊಳೆತಂತಾಗಿ ಸತ್ತಿತು. ನಷ್ಟ 300 ಕೋಟಿ ರೂಪಾಯಿ ದಾಟಿತೆಂದು ಅಂದಾಜು ಮಾಡಲಾಯಿತು. ಶೇಂಗಾದಲ್ಲಿ ಅದನ್ನು ಮೊದಲಿಗೆ ಹಳೆಯ ಮೊಗ್ಗು ಒಣಗುವ ರೋಗವೆಂದೇ ಎಣಿಸಲಾಗಿತ್ತು. ಲಕ್ಷಣಗಳು ಅಷ್ಟು ಹೋಲುತ್ತಿದ್ದವು. ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಅದು ತಂಬಾಕಿನ ಗೀರು ನಂಜಾಣು ಎಂದು ತಿಳಿಯಿತು. ಸೂರ್ಯಕಾಂತಿಯ ರೋಗಕ್ಕೂ ಅದೇ ಕಾರಣವಾಗಿತ್ತು.

ಈ ನಂಜು ಅಡಗಿ ಕೂರುವ ಮುಖ್ಯ ಜಾಗ ನಮ್ಮ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ. ಆ ಕಸದಲ್ಲಿ ರೋಗದ ಯಾವ ಚಿಹ್ನೆಯೂ ಕಾಣುವುದಿಲ್ಲ. ಅದರ ಪರಾಗದಲ್ಲಿ ಮಾತ್ರ ನಂಜು ತುಂಬಿರುತ್ತದೆ. ಪರಾಗ ಗಾಳಿಯಿಂದಲೋ ಥ್ರಿಪ್ಸ್ ಮೈಗೆ ಅಂಟಿಯೋ ಬೇರೆ ಗಿಡದ ಎಲೆಗೆ ಬೀಳುತ್ತದೆ. ಥ್ರಿಪ್ಸ್ ಆ ಎಲೆಯನ್ನು ಕೆರೆದು ರಸ ಹೀರುವಾಗ ಆದ ಗಾಯದಿಂದ ನಂಜು ಒಳಸೇರುತ್ತದೆ. ಚೆಂಡು ಹೂವಿನ ಗಿಡವೂ ಈ ನಂಜಿಗೆ ಆಶ್ರಯ ಕೊಡುತ್ತದೆ. ನಿಮ್ಮ ಅಂಗಳದ ಚೆಂಡು ಹೂ ಏಕೆ ಸೊಟ್ಟಾಯಿತೆಂದು ಬೇಸಾಯಶಾಸ್ತ್ರದವನಾದ ನಾನು ವಿಚಾರಿಸುವುದು ಈ ಕಾರಣಕ್ಕಾಗಿ.

ನಂಜು ರೋಗದ ಮುಖ್ಯ ಲಕ್ಷಣಗಳು

1. ಚಿಬ್ಬು ಅಥವಾ ಮೊಸಾಯಿಕ್: ಎಲೆಯ ಮೇಲೆ ತಿಳಿಹಸಿರು, ಕಡುಹಸಿರು, ಹಳದಿ ಮಚ್ಚೆಗಳು ಕ್ರಮವಿಲ್ಲದೆ ಬೆರೆತಿರುತ್ತವೆ. ನಡುನರದ ಎಡಕ್ಕೂ ಬಲಕ್ಕೂ ಹೋಲಿಕೆ ಇರುವುದಿಲ್ಲ. ಜೀನಿಯಾ, ಪೆಟುನಿಯಾ, ಗ್ಲಾಡಿಯೋಲಸ್, ಗುಲಾಬಿಗಳಲ್ಲಿ ಇದನ್ನು ಕಾಣಬಹುದು.

2. ನರ ಹಳದಿಯಾಗುವುದು: ನರಗಳು ಹಳದಿಯಾಗಿ ನಡುವಿನ ಭಾಗ ಹಸಿರಾಗಿ ಉಳಿದು ಬಲೆಯಂತೆ ಕಾಣುತ್ತದೆ. ಬೆಂಡೆಯ ಹಳದಿ ನಂಜು ರೋಗ ನಿಮಗೆಲ್ಲ ಗೊತ್ತಿದೆ. ಅದೇ ಕುಟುಂಬದ ಹಾಲಿಹಾಕ್ ಹೂವಿನ ಗಿಡಕ್ಕೂ ಅದು ತಗುಲುತ್ತದೆ. ಇದನ್ನು ಹರಡುವುದು ಬಿಳಿನೊಣ.

3. ಎಲೆ ಮುದುರುವುದು: ಎಲೆ ಸಣ್ಣದಾಗಿ, ದಪ್ಪವಾಗಿ, ದೋಣಿಯಂತೆ ಮುದುರುತ್ತದೆ. ಹಿಂಬದಿಯ ನರಗಳು ಉಬ್ಬಿರುತ್ತವೆ. ಜೀನಿಯಾ ಮತ್ತು ದಾಸವಾಳದ ಜಾತಿಯಲ್ಲಿ ಇದು ಕಂಡುಬರುತ್ತದೆ.

4. ಉಂಗುರ ಮಚ್ಚೆ, ಗೀರು ಮತ್ತು ಸುಟ್ಟ ಕಲೆ: ಎಲೆಯ ಮೇಲೆ ಬಳೆಯಂಥ ಗುರುತು, ದಂಟಿನ ಮೇಲೆ ಕಪ್ಪು ಗೀರು, ತುದಿ ಒಣಗುವುದು. ಕಾಬಾಳೆಯಲ್ಲಿ ನರಗಳಗುಂಟ ಹಳದಿ ಗೀರುಗಳಾಗಿ ತೋರುತ್ತದೆ.

5. ಗಿಡ ಕುಳ್ಳಾಗುವುದು ಮತ್ತು ಹೂವಿನ ವಿಕಾರ: ಹೂ ಚಿಕ್ಕದಾಗುವುದು, ಬಣ್ಣ ಒಡೆಯುವುದು, ಅರ್ಧ ಭಾಗ ಮಾತ್ರ ಅರಳುವುದು.

ಇವುಗಳಲ್ಲಿ ಒಂದೇ ಲಕ್ಷಣ ಕಂಡರೆ ತೀರ್ಮಾನಕ್ಕೆ ಬರಬಾರದು. ಎರಡು ಮೂರು ಕೂಡಿ ಕಂಡರೆ, ಅದರಲ್ಲಿಯೂ ಹೊಸ ಚಿಗುರಿನಲ್ಲಿ ಮತ್ತೆ ಮತ್ತೆ ಕಂಡರೆ, ಅನುಮಾನ ಬಲವಾಗುತ್ತದೆ.

ನಂಜಿನಂತೆ ಕಾಣುವ, ಆದರೆ ನಂಜಲ್ಲದ ತೊಂದರೆಗಳು

ಕಬ್ಬಿಣದ ಕೊರತೆ: ನಮ್ಮ ಭಾಗದಲ್ಲಿ ಸುಣ್ಣದ ಅಂಶ ಹೆಚ್ಚಿರುವ ಭೂಮಿ ಬಹಳ. ಇಂಥಲ್ಲಿ ಗುಲಾಬಿ, ದಾಸವಾಳಗಳ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹಳದಿ ನಂಜಿನಲ್ಲಿ ಇದರ ವಿರುದ್ಧ: ನರವೇ ಹಳದಿ. ಕೊರತೆಯ ಹಳದಿ ನಡುನರದ ಎರಡೂ ಕಡೆ ಸಮನಾಗಿರುತ್ತದೆ.

ನುಸಿ ಮತ್ತು ಥ್ರಿಪ್ಸ್ ಬಾಧೆ: ಇವು ನಂಜನ್ನು ಹರಡದೆಯೂ ಎಲೆಯನ್ನು ಮುದುರಿಸಬಲ್ಲವು. ಮೆಣಸಿನಕಾಯಿ ಬೆಳೆಯುವವರಿಗೆ ಈ ಮುಟುರು ಹೊಸದಲ್ಲ. ಥ್ರಿಪ್ಸ್ ಇದ್ದರೆ ಎಲೆಯಂಚು ಮೇಲಕ್ಕೆ, ನುಸಿ ಇದ್ದರೆ ಕೆಳಕ್ಕೆ ಮುದುರುವುದು ಸಾಮಾನ್ಯ.

ಎಲೆಗೊಂಚಲು ರೋಗ: ನಿತ್ಯಪುಷ್ಪದ ಗಿಡದಲ್ಲಿ ಹೂವಿನ ಬದಲು ಹಸಿರು ಎಲೆಯ ಗೊಂಚಲು ಬರುವುದನ್ನು ನೀವು ನೋಡಿರಬಹುದು. ಎಳ್ಳಿನಲ್ಲಿಯೂ ಬದನೆಯಲ್ಲಿಯೂ ಇಂಥದೇ ಆಗುತ್ತದೆ. ಇದನ್ನು ಬಹುಕಾಲ ನಂಜೆಂದೇ ತಿಳಿಯಲಾಗಿತ್ತು. ಇದಕ್ಕೆ ಕಾರಣ ಗೋಡೆಯಿಲ್ಲದ ಬ್ಯಾಕ್ಟೀರಿಯಾದಂಥ ಬೇರೊಂದು ಜೀವಿ ಎಂದು 1967ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಇದನ್ನು ಹರಡುವುದು ಜಿಗಿಹುಳು.

ಹುಟ್ಟುಗುಣದ ಬಣ್ಣ: ಕ್ರೋಟನ್, ಮನಿ ಪ್ಲಾಂಟ್‌ಗಳ ಹಳದಿ ಮಚ್ಚೆ ಆ ತಳಿಯ ಗುಣ. ಆ ಜಾತಿಯ ಎಲ್ಲ ಗಿಡಗಳಲ್ಲಿಯೂ ಅದು ಒಂದೇ ಬಗೆಯಾಗಿರುತ್ತದೆ. ಎಲೆ ಮುದುರುವುದಿಲ್ಲ, ಗಿಡವೂ ಸೊರಗುವುದಿಲ್ಲ.

ಕಳೆನಾಶಕದ ಗಾಳಿ: ಇದರ ಬಗ್ಗೆ ನನ್ನ ಅನುಭವವನ್ನೇ ಹೇಳುತ್ತೇನೆ.

ನಾನು ಮಾಡಿದ ತಪ್ಪು

ಹಲವು ವರ್ಷಗಳ ಹಿಂದೆ ಮುದ್ದೇಬಿಹಾಳ ತಾಲೂಕಿನ ಒಂದು ಹೊಲದ ಮನೆಗೆ ಹೋಗಿದ್ದೆ. ಬಾಗಿಲ ಮುಂದೆ ಆಳೆತ್ತರದ ಕೆಂಪು ದಾಸವಾಳದ ಗಿಡವಿತ್ತು. ಎಳೆಯ ಎಲೆಗಳೆಲ್ಲ ಕಿರಿದಾಗಿ, ಬೀಸಣಿಗೆಯಂತೆ ಸುಕ್ಕಾಗಿ, ತುದಿ ಬಾಗಿತ್ತು. ನಾನು ನಿಂತಲ್ಲಿಂದಲೇ ನೋಡಿ, "ಇದು ನಂಜು ರೋಗ, ಹತ್ತಿಗೂ ಬೆಂಡೆಗೂ ಹತ್ತೀತು, ಕಿತ್ತು ಸುಡಿರಿ" ಎಂದು ಹೇಳಿದೆ. ಮನೆಯ ಯಜಮಾನರು ಆಗಲೇ ಗುದ್ದಲಿ ತರಿಸಿದರು. ಅದು ಅವರ ತಾಯಿ ಹಚ್ಚಿದ ಗಿಡ, ದಿನಾಲೂ ದೇವರಿಗೆ ಅದರ ಹೂವೇ ಏರುತ್ತಿತ್ತು ಎಂದು ನಂತರ ತಿಳಿಯಿತು.

ಹದಿನೈದು ದಿನಗಳ ಮೇಲೆ ಮತ್ತೆ ಆ ದಾರಿಯಲ್ಲಿ ಹೋದಾಗ ಹತ್ತಿಯ ಹೊಲ ನೋಡಿದೆ. ಪಡುವಣ ಬದುವಿಗೆ ಹತ್ತಿದ ನಾಲ್ಕಾರು ಸಾಲುಗಳಲ್ಲಿ ಮಾತ್ರ, ಒಂದು ಗಿಡವನ್ನೂ ಬಿಡದೆ, ಅದೇ ಸುಕ್ಕು. ಒಳಗಡೆ ಎಲ್ಲ ಚೆನ್ನಾಗಿತ್ತು. ವಿಚಾರಿಸಿದರೆ, ಪಕ್ಕದವರು ಕಬ್ಬಿನಲ್ಲಿ ಕಳೆಗೆಂದು 2,4-ಡಿ ಸಿಂಪಡಿಸಿದ್ದರು. ಅಂದು ಪಡುವಣ ಗಾಳಿ ಜೋರಾಗಿತ್ತು. ಹತ್ತಿ, ಬೆಂಡೆ, ದಾಸವಾಳ ಒಂದೇ ಕುಟುಂಬದವು. ದ್ರಾಕ್ಷಿಯಂತೆ ಇವುಗಳಿಗೂ ಆ ಔಷಧದ ಆವಿ ಸಾಕು. ಮುಂದಿನ ಚಿಗುರಿನಲ್ಲಿ ಹತ್ತಿ ಸರಿಹೋಯಿತು. ದಾಸವಾಳವೂ ಸರಿಹೋಗುತ್ತಿತ್ತು.

ಕಳೆನಾಶಕದ ಪಾಠ ಹೇಳುವವನೇ ಅದರ ಗುರುತು ಹಿಡಿಯಲಿಲ್ಲ. ನಾನು ಒಂದೇ ಗಿಡವನ್ನು ನೋಡಿದ್ದೆ, ಸುತ್ತಲೂ ನೋಡಿರಲಿಲ್ಲ. ಆ ಮನೆಯ ತಾಯಿ ಏನೂ ಅನ್ನಲಿಲ್ಲ. "ಹೋಗ್ಲಿ ಬಿಡ್ರಿ ಸರ, ಇನ್ನೊಂದು ಹಚ್ಚಿದರಾತು" ಎಂದು ಚಹಾ ಕೊಟ್ಟರು. ಆ ದಿನದಿಂದ ನಾನು ಯಾವ ಗಿಡವನ್ನೂ ಕೆಳಗೆ ಹೇಳುವ ಐದು ಪರೀಕ್ಷೆ ಮಾಡದೆ ಕೀಳಿಸಿಲ್ಲ.

ಮನೆಯಲ್ಲಿಯೇ ಮಾಡಬಹುದಾದ ಐದು ಪರೀಕ್ಷೆಗಳು

ಒಂದು, ಸುತ್ತ ನೋಡುವುದು: ನಂಜು ರೋಗ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಆರಂಭವಾಗಿ ದಿನ ಕಳೆದಂತೆ ಹೆಚ್ಚುತ್ತದೆ. ಒಂದೇ ದಿನ, ಒಂದೇ ಬದಿಯಲ್ಲಿ, ಜಾತಿ ಬೇರೆಯಾದರೂ ಎಲ್ಲ ಗಿಡಗಳಿಗೂ ಒಂದೇ ಬಗೆಯ ತೊಂದರೆ ಬಂದರೆ ಔಷಧದ ಗಾಳಿ, ನೀರು ಅಥವಾ ಮಣ್ಣನ್ನು ಅನುಮಾನಿಸಬೇಕು.

ಎರಡು, ಬಿಳಿ ಕಾಗದ ಮತ್ತು ಭೂತಕನ್ನಡಿ: ಎಲೆಯನ್ನು ಬಿಳಿ ಕಾಗದದ ಮೇಲೆ ಕೊಡವಿರಿ. ಸಣ್ಣ ಹುಳುಗಳು ಹರಿದಾಡಿದರೆ ಥ್ರಿಪ್ಸ್ ಅಥವಾ ನುಸಿ ಇದೆ ಎಂದರ್ಥ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕನ್ನಡಿಯಿಂದ ಎಲೆಯ ಹಿಂಬದಿ ನೋಡಿರಿ. ಬೂದಿಯಂಥ ಪುಡಿ, ಬೂಸು, ಕಪ್ಪು ಚುಕ್ಕೆಗಳಿದ್ದರೆ ಅದು ಶಿಲೀಂಧ್ರ. ನಂಜಿನಲ್ಲಿ ಇವು ಯಾವುವೂ ಇರುವುದಿಲ್ಲ.

ಮೂರು, ಅನ್ನಭೇದಿ ಪರೀಕ್ಷೆ: ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಮತ್ತು ಒಂದು ಲಿಂಬೆಹಣ್ಣಿನ ರಸ ಬೆರೆಸಿ, ಸಂಜೆಯ ಹೊತ್ತು ಒಂದು ಟೊಂಗೆಯ ಎಲೆಗಳಿಗೆ ಮಾತ್ರ ಹಚ್ಚಿರಿ. ಎಂಟು ಹತ್ತು ದಿನಗಳಲ್ಲಿ ಆ ಎಲೆಗಳು ಹಸಿರಾದರೆ ಅದು ಕಬ್ಬಿಣದ ಕೊರತೆ. ನಂಜಿನ ಹಳದಿ ಇದರಿಂದ ಹೋಗುವುದಿಲ್ಲ.

ನಾಲ್ಕು, ಹೊಸ ಚಿಗುರಿನ ಪರೀಕ್ಷೆ: ರೋಗವಿದ್ದ ಟೊಂಗೆಯನ್ನು ಕತ್ತರಿಸಿ, ಹುಳುಗಳಿದ್ದರೆ ಅವುಗಳನ್ನು ಹತೋಟಿ ಮಾಡಿ, ಮೂರು ವಾರ ಕಾಯಿರಿ. ಚಿಗುರು ಸ್ವಚ್ಛವಾಗಿ ಬಂದರೆ ಅದು ಬಹುಶಃ ನಂಜಲ್ಲ. ಕಾಯುವಾಗ ಆ ಗಿಡವನ್ನು ಸೊಳ್ಳೆಪರದೆಯ ಬಟ್ಟೆಯಿಂದ ಮುಚ್ಚುವುದು ಉತ್ತಮ.

ಐದು, ಮೂಲ ವಿಚಾರಿಸುವುದು: ಕಡ್ಡಿ, ಗಡ್ಡೆ, ಸಸಿ ಎಲ್ಲಿಂದ ಬಂತು? ತಾಯಿಗಿಡವನ್ನು ಹೋಗಿ ನೋಡಿರಿ. ಅದರಲ್ಲಿಯೂ ಇದೇ ಗುರುತಿದ್ದರೆ ನಂಜು ಕಡ್ಡಿಯೊಡನೆಯೇ ಬಂದಿರಬಹುದು. ಬೀಗರ ಮನೆಯಿಂದ ತಂದ ಗುಲಾಬಿ ಕಡ್ಡಿ, ಜಾತ್ರೆಯಲ್ಲಿ ಕೊಂಡ ಕಾಬಾಳೆ ಗಡ್ಡೆ ಪ್ರೀತಿಯ ಜೊತೆಗೆ ನಂಜನ್ನೂ ತರುತ್ತವೆ.

ಖಚಿತ ಉತ್ತರ ಪ್ರಯೋಗಶಾಲೆಯಲ್ಲಿ

ಈ ಐದರಿಂದ ಅನುಮಾನ ಬಲವಾಗುತ್ತದೆಯೇ ಹೊರತು ಯಾವ ನಂಜು ಎಂದು ತಿಳಿಯುವುದಿಲ್ಲ. ಅದಕ್ಕೆ ಸೂಚಕ ಸಸ್ಯಗಳುಂಟು. ತಂಬಾಕಿನ ಗೀರು ನಂಜಾಣುವಿಗೆ ನಮ್ಮ ಸಿ-152 ಅಲಸಂದಿಯೇ ಸೂಚಕ. ರೋಗದ ಎಲೆಯ ರಸವನ್ನು ಅಲಸಂದಿಯ ಎಳೆಯ ಎಲೆಗೆ ಉಜ್ಜಿದರೆ ಮೂರು ನಾಲ್ಕು ದಿನಗಳಲ್ಲಿ ಸುಟ್ಟ ಚುಕ್ಕೆಗಳು ಮೂಡುತ್ತವೆ. ಇಂಡಿಯ ಬಂಧುಗಳಿಗೆ ಇನ್ನೊಂದು ಮಾತು. ಕಿತ್ತಳೆ ಜಾತಿಯ ತೋಟಗಳನ್ನು ಹಾಳುಮಾಡುವ ಟ್ರಿಸ್ಟೆಜಾ ನಂಜನ್ನು ಪತ್ತೆ ಮಾಡಲು ಜಗತ್ತಿನಾದ್ಯಂತ ಸೂಚಕವಾಗಿ ಬಳಸುವುದು ನಿಮ್ಮ ಕಾಗದಿ ಲಿಂಬೆಯ ಜಾತಿಯನ್ನೇ. ಎಳೆಯ ಎಲೆಯನ್ನು ಬಿಸಿಲಿಗೆ ಹಿಡಿದರೆ ನರಗಳಲ್ಲಿ ತುಂಡು ತುಂಡಾದ ತಿಳಿ ಗೆರೆಗಳು ಕಾಣುತ್ತವೆ. ಅದನ್ನು ಹರಡುವುದು ಕಂದು ಹೇನು ಮತ್ತು ಕಸಿ.

ಇಂದು ಎಲೈಸಾ, ಪಿ.ಸಿ.ಆರ್. ಪರೀಕ್ಷೆಗಳಿಂದ ನಂಜಾಣುವಿನ ಹೆಸರನ್ನೇ ಹೇಳಬಹುದು. ಆದರೂ ತಾಳ್ಮೆ ಬೇಕು. ನಮ್ಮ ತೊಗರಿಯ ಗೊಡ್ಡು ರೋಗವನ್ನು 1931ರಲ್ಲಿ ಬಿಹಾರದ ಪೂಸಾದಲ್ಲಿ ವರ್ಣಿಸಿದ್ದರು. ಅದನ್ನು ಹರಡುವ ನುಸಿಯೂ ಗೊತ್ತಾಗಿತ್ತು. ನಂಜಾಣು ಕೈಗೆ ಸಿಕ್ಕಿದ್ದು ಸುಮಾರು 2000ದ ಹೊತ್ತಿಗೆ, ಅಂದರೆ ಎಪ್ಪತ್ತು ವರ್ಷಗಳ ನಂತರ.

ಮಾದರಿ ತರುವಾಗ ಈ ಅಂಶಗಳನ್ನು ಗಮನದಲ್ಲಿಡಿರಿ. ಒಣಗಿದ ಎಲೆ ಬೇಡ. ರೋಗ ಈಗಷ್ಟೇ ಕಾಣಿಸಿದ ಎಳೆಯ ಟೊಂಗೆ ತನ್ನಿರಿ. ಜೊತೆಗೆ ಆರೋಗ್ಯವಂತ ಗಿಡದ ಟೊಂಗೆಯೂ ಇರಲಿ. ನೀರು ಚಿಮುಕಿಸದೆ, ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಂದೇ ತಲುಪಿಸಿರಿ. ಬಿಸಿಲಲ್ಲಿ ನಿಂತ ಮೋಟಾರು ಸೈಕಲ್ಲಿನ ಡಬ್ಬಿಯಲ್ಲಿ ಇಟ್ಟರೆ ಎಲೆ ಬೆಂದುಹೋಗುತ್ತದೆ. ಗಿಡದ ಹೆಸರು, ರೋಗ ಕಂಡ ದಿನ, ಎಷ್ಟು ಗಿಡಗಳಲ್ಲಿ ಎಷ್ಟಕ್ಕೆ, ಹೊಡೆದ ಔಷಧ, ಪಕ್ಕದ ಬೆಳೆ ಇಷ್ಟನ್ನು ಚೀಟಿಯಲ್ಲಿ ಬರೆಯಿರಿ. ಇಂಡಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ವಿಜಯಪುರದ ಕೃಷಿ ಮಹಾವಿದ್ಯಾಲಯಕ್ಕಾಗಲಿ ತರಬಹುದು.

ನಂಜು ಎಂದು ತಿಳಿದ ಮೇಲೆ

* ರೋಗದ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತು, ಅಲ್ಲಾಡಿಸದೆ ಚೀಲದಲ್ಲಿ ಹಾಕಿ ಹೂಳಿರಿ ಇಲ್ಲವೆ ಸುಡಿರಿ. ಬದುವಿನ ಮೇಲೆ ಎಸೆಯಬಾರದು.
* ಮನೆ ಮತ್ತು ಹೊಲದ ಸುತ್ತಲಿನ ಕಾಂಗ್ರೆಸ್ ಕಸವನ್ನು ಹೂವಿಗೆ ಮುನ್ನ ತೆಗೆಯಿರಿ. ಓಣಿಯವರೆಲ್ಲ ಕೂಡಿ ತೆಗೆದರೆ ಮಾತ್ರ ಫಲ ಸಿಗುತ್ತದೆ.
* ಸೂರ್ಯಕಾಂತಿ, ಶೇಂಗಾ ಬಿತ್ತುವವರು ಹೊಲದ ಸುತ್ತ ನಾಲ್ಕಾರು ಸಾಲು ಜೋಳ ಅಥವಾ ಸಜ್ಜೆಯನ್ನು ಮುಂಚಿತವಾಗಿ ಬಿತ್ತಿರಿ. ಎತ್ತರದ ಬೇಲಿ ಗಾಳಿಯೊಡನೆ ಬರುವ ಪರಾಗವನ್ನೂ ಥ್ರಿಪ್ಸ್‌ಗಳನ್ನೂ ತಡೆಯುತ್ತದೆ. ಸೂರ್ಯಕಾಂತಿ ಬೀಜಕ್ಕೆ ಕಿಲೋಗೆ 5 ಗ್ರಾಂ ಇಮಿಡಾಕ್ಲೋಪ್ರಿಡ್ 70 ಡಬ್ಲ್ಯು.ಎಸ್. ಲೇಪಿಸಿದರೆ ಎಳೆಯ ಗಿಡಕ್ಕೆ ಥ್ರಿಪ್ಸ್‌ನಿಂದ ರಕ್ಷಣೆ ದೊರೆಯುತ್ತದೆ.
* ಹೇನು ಹರಡುವ ನಂಜಿಗೆ ಔಷಧವನ್ನೇ ನಂಬಬೇಡಿರಿ. ಸೌತೆಯ ಮೊಸಾಯಿಕ್ ನಂಜನ್ನು ಹೇನು ಒಂದು ನಿಮಿಷದೊಳಗೇ ಗಿಡದಿಂದ ಎತ್ತಿಕೊಂಡು ಇನ್ನೊಂದಕ್ಕೆ ದಾಟಿಸಬಲ್ಲದು. ಔಷಧದಿಂದ ಅದು ಸಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.
* ಕಡ್ಡಿ, ಗಡ್ಡೆಗಳನ್ನು ಕಣ್ಣಾರೆ ನೋಡಿದ ಆರೋಗ್ಯವಂತ ಗಿಡದಿಂದಲೇ ತೆಗೆಯಿರಿ. ಒಂದು ಗಿಡ ಮುಗಿದ ಮೇಲೆ ಕತ್ತರಿಯನ್ನು ಸಾಬೂನು ನೀರಿನಲ್ಲಿ ತೊಳೆದು ಇನ್ನೊಂದಕ್ಕೆ ಕೈಹಚ್ಚಿರಿ.
* ತಂಬಾಕು ತಿಕ್ಕಿದ ಕೈಯಿಂದ ಪೆಟುನಿಯಾ, ಟೊಮ್ಯಾಟೊ ಸಸಿಗಳನ್ನು ಮುಟ್ಟಬೇಡಿರಿ. ಒಣ ತಂಬಾಕಿನಲ್ಲಿಯೂ ನಂಜು ಜೀವ ಹಿಡಿದಿರುತ್ತದೆ. ಎಣ್ಣಿ ಖರ್ಚಿಲ್ಲದ ಔಷಧವಿದು: ಸಾಬೂನು ಹಚ್ಚಿ ಕೈ ತೊಳೆಯುವುದು.

ಚೆಂಡು ಹೂವನ್ನೇ ಬಿಡಬೇಕೆ ಎಂದು ಕೇಳಬಹುದು. ಬೇಡ. ಟೊಮ್ಯಾಟೊದಲ್ಲಿ ಕಾಯಿಕೊರಕವನ್ನು ಸೆಳೆಯಲು ಅದನ್ನು ಬೆಳೆಯಲು ನಾವೇ ಹೇಳುತ್ತೇವೆ. ಬೆಳೆಯಿರಿ, ಆದರೆ ವಾರಕ್ಕೊಮ್ಮೆ ಸಾಲಿನಲ್ಲಿ ನಡೆದು ನೋಡಿರಿ. ಸೂರ್ಯಕಾಂತಿ, ಶೇಂಗಾಗಳ ಪಕ್ಕದಲ್ಲಿ ಮಾತ್ರ ಹಚ್ಚದಿರುವುದು ಲೇಸು.

ಇನ್ನು ಬೆಳಗಿನ ಆ ತಾಯಿಯ ಪ್ರಶ್ನೆ. ಅವರ ಗಿಡವನ್ನು ಕನ್ನಡಿಯಲ್ಲಿ ನೋಡಿದೆ. ಬೂಸು ಇಲ್ಲ, ಥ್ರಿಪ್ಸ್ ಇವೆ. ನಲವತ್ತು ಗಿಡಗಳಲ್ಲಿ ಆರಕ್ಕೆ ಮಾತ್ರ, ಅದೂ ಅಲ್ಲಲ್ಲಿ ಬಂದಿದೆ ಎಂದರು. ಬೇಲಿಯಗುಂಟ ಕಾಂಗ್ರೆಸ್ ಕಸ ಹೂ ಬಿಟ್ಟಿದೆ. ಬದುವಿನಾಚೆ ಅವರ ಮೈದುನರ ಸೂರ್ಯಕಾಂತಿ ಮೊಳೆತು ಎರಡು ವಾರವಾಗಿದೆ. ನನ್ನ ಅನುಮಾನ ಬಲವಾಗಿದೆ, ಆದರೂ ಹೆಸರು ಹೇಳುವುದಿಲ್ಲ. ಆ ಟೊಂಗೆಯನ್ನು ಸಸ್ಯರೋಗ ವಿಭಾಗಕ್ಕೆ ಕಳಿಸುತ್ತಿದ್ದೇನೆ. ಅಲಸಂದಿಯ ಎಲೆ ವಾರದೊಳಗೆ ಉತ್ತರ ಹೇಳುತ್ತದೆ. ಅಲ್ಲಿಯವರೆಗೆ ಅವರು ನಾಲ್ಕನೆಯ ಸಿಂಪರಣೆ ಮಾಡುವುದು ಬೇಡ. ಆರು ಗಿಡಗಳ ಮೊಗ್ಗನ್ನು ಚಿವುಟಿ ಬಟ್ಟೆ ಮುಚ್ಚಲಿ, ಬೇಲಿಯ ಕಸವನ್ನು ನಾಳೆಯೇ ಕೀಳಲಿ. ಕಸ ಕೀಳುವುದರಿಂದ, ಅನುಮಾನ ಸುಳ್ಳಾದರೂ, ಯಾರಿಗೂ ನಷ್ಟವಿಲ್ಲ.

ನೀವೂ ಊರಿಗೆ ಹೋದ ಮೇಲೆ ಮನೆಯ ಮುಂದಿನ ಗಿಡಗಳ ಎಲೆಗಳನ್ನು ಒಮ್ಮೆ ಮಗುಚಿ ನೋಡಿರಿ. ಅನುಮಾನ ಬಂದ ಟೊಂಗೆಯನ್ನು ಚೀಟಿಯೊಡನೆ ನಮಗೆ ತಲುಪಿಸಿರಿ.